ದಿಂಬಿನ ಪಕ್ಕದ ಗಡಿಯಾರ

ಮಗನೇ,

ಬೆಳಗಿನಿಂದ ಮಂಜು ಕವಿದಿದೆ, ಎದುರುಮನೆಯೂ ಕಾಣುತ್ತಿಲ್ಲ. ಪುಟ್ಟಿಯನ್ನು ಶಾಲೆಗೆ ಬಿಡಲು ನಾನೇ ಹೊರಟೆ. ಎದ್ದ ಮೇಲೆ ಊಟ ಬಿಸಿ ಮಾಡಿಕೋ.

ನಿನ್ನೆ ಹೆತ್ತವರ ಸಭೆಯಲ್ಲಿ ನಿನ್ನ ಕುರ್ಚಿಯಲ್ಲಿ ನಾನು ಕೂತಿದ್ದೆ. ಟೀಚರು ಈ ವರ್ಷದ ನಿಯಮ ಹೇಳಿದರು: ಮಕ್ಕಳನ್ನು ಗೇಟಿನಲ್ಲೇ ಬಿಡಬೇಕು, ಡಬ್ಬಿಯ ಮೇಲೆ ಹೆಸರಿರಬೇಕು, ಬೆಲೆಬಾಳುವ ವಸ್ತು ತರಬಾರದು. ಡಬ್ಬಿಯ ಮೇಲೆ ಬರೆದಿದ್ದೇನೆ.

"ಸಭೆಗೆ ಬಂದೇ ಬರ್ತೀನಿ, ಅಲ್ಲೀವರೆಗೂ ಇದು ನಿನ್ನ ಹತ್ರ ಇರ್ಲಿ" ಅಂತ ನಿನ್ನ ಗಡಿಯಾರವನ್ನು ಅವಳ ಕೈಗೆ ಕಟ್ಟಿದ್ದೆಯಲ್ಲ. ಬೈಯುವುದಿಲ್ಲ, ಬೈದು ಬೈದು ಬಾಯಿ ಸೋತಿದೆ. ದೇವರ ಹತ್ತಿರವೂ ಈಗ ನಿನಗಾಗಿ ಏನೂ ಕೇಳುವುದಿಲ್ಲ, ಸುಮ್ಮನೆ ದೀಪ ಹಚ್ಚುತ್ತೇನೆ.

ಈಗಷ್ಟೇ ಅವಳು ಅದನ್ನು ಬಿಚ್ಚಿದಳು.

"ಟೀಚರ್ ಬೇಡ ಅಂದ್ರು ಅಂತಾನಾ?" ಅಂದೆ.

"ಅಲ್ಲಜ್ಜಿ, ಸಭೆ ಮುಗೀತಲ್ಲ" ಅಂದಳು.

ನಿನ್ನ ನಿದ್ದೆ ಕೆಡದ ಹಾಗೆ ದಿಂಬಿನ ಪಕ್ಕ ಇಟ್ಟು ಬಂದಳು.