ವಿಸಿಲ್ ಇಲ್ಲದ ಸಂಗೀತ

ನವೆಂಬರ್ ೧೪, ಶುಕ್ರವಾರ. ಜುರಾಂಗ್ ವೆಸ್ಟ್, ಸಿಂಗಾಪುರ.

ಲಂಡನ್ನಿನ ರೆಕಾರ್ಡ್ ಕಂಪನಿ ಕೊನೆಗೂ ಉತ್ತರ ಬರೆದಿದೆ. ಎಂಆರ್‌ಟಿ ರೈಲಿನಲ್ಲಿ ಓದಿದ ಖುಷಿಗೆ ನಾನು ಇಳಿಯಬೇಕಾದ ಬೂನ್ ಲೇ ಸ್ಟೇಷನ್ ದಾಟಿ ಹೋಗಿಬಿಟ್ಟೆ. ಮಂಜಿನಲ್ಲಿ ಹಡಗು ಮುಳುಗುವ ಆ ಹಳೆಯ ಬ್ರಿಟಿಷ್ ಚಿತ್ರದ ಹಿನ್ನೆಲೆ ಸಂಗೀತದ ಮೂಲ ಟೇಪು ಸಿಕ್ಕಿದೆಯಂತೆ. ಕೇಳಿ ನೋಡಲು ಮಾದರಿ ಕಳಿಸಿದ್ದಾರೆ, ಕೇಳುವವರಿದ್ದರೆ ಬಿಡುಗಡೆ ಮಾಡುತ್ತಾರಂತೆ. ನಾನಿದ್ದೇನಲ್ಲ, ವರ್ಷಗಟ್ಟಲೆ ಅವರ ತಲೆ ತಿಂದವನು!

ಇಷ್ಟು ದಿನ ನನ್ನ ಬಳಿ ಇದ್ದದ್ದು ಹುಡುಗನಾಗಿದ್ದಾಗ ಮೈಸೂರಿನಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಹಿಡಿದು ತುಂಬಿಕೊಂಡದ್ದು ಮಾತ್ರ. ಮನೆಮಂದಿಯೆಲ್ಲ ನನಗೋಸ್ಕರ ಬಾಯಿ ಮುಚ್ಚಿ ಕೂತಿದ್ದರು, ಅಮ್ಮನ ಕುಕ್ಕರ್ ಒಂದನ್ನು ಬಿಟ್ಟು. ಪಿಟೀಲುಗಳು ಏರಿ ಏರಿ ನಿಂತ ಜಾಗದಲ್ಲೇ ಅದು ವಿಸಿಲ್ ಹಾಕಿತು. ಇಲ್ಲಿ ಮನೆಯಲ್ಲಿ ನಾನು ಇಂದಿಗೂ ಹಾಕುವುದು ಅದೇ ಟೇಪು.

ಊಟವಾದ ಮೇಲೆ ಮಾದರಿ ಹಾಕಿದೆ. ಅದೆಂಥ ಸ್ವಚ್ಛ ನಾದ! ಪಿಟೀಲುಗಳು ಏರಿದವು, ನಿಂತವು. ಆಮೇಲೆ ಬರೀ ಮೌನ.

ಮಗಳು ಸಂಹಿತಾ ಹೋಮ್‌ವರ್ಕಿನಿಂದ ತಲೆಯೆತ್ತಿ ಇಲ್ಲಿನವರ ಧಾಟಿಯಲ್ಲಿ ಅಂದಳು, "ಅಪ್ಪಾ, ಇದು ರಾಂಗ್ ವರ್ಷನ್ ಲಾ. ಕುಕ್ಕರ್ ಎಲ್ಲಿ?"

"ಅದು ಮ್ಯೂಸಿಕ್ ಅಲ್ಲ ಕಣೇ, ಅಜ್ಜಿ ಕುಕ್ಕರ್ರು."

ಈ ಸಂಗೀತ ಕೇಳಿದರೆ ತಲೆನೋವು ಅನ್ನುವ ನನ್ನ ಹೆಂಡತಿ ಕೌಸಲ್ಯಾ ಅಡುಗೆಮನೆಯಿಂದಲೇ, "ಅದಿಲ್ದೆ ಸಪ್ಪೆ ಆಯ್ತು ರೀ. ಮೇಲ್ ಹಾಕಿ, ಆ್ಯಡ್ ಮಾಡ್ಲಿ," ಅಂದಳು.

'ಅದ್ಭುತವಾಗಿದೆ, ದಯವಿಟ್ಟು ಬಿಡುಗಡೆ ಮಾಡಿ' ಎಂದು ಕಂಪನಿಗೆ ಬರೆದೆ. ಸುಳ್ಳೇನಲ್ಲ. ಆದರೆ ಆಮೇಲೆ, ಆ ಜಾಗಕ್ಕೇ ವಿಸಿಲ್ ಬರಲಿ ಎಂದು, ಕುಕ್ಕರಿಗೆ ತೊಗರಿಬೇಳೆ ಹಾಕಿಸಿ, ಮಾದರಿಯನ್ನು ಮತ್ತೆ ಹಚ್ಚಿದೆ. ಹಡಗು ಮುಳುಗಿ, ಸಂಗೀತವೆಲ್ಲ ಮುಗಿದ ಮೇಲೆ ವಿಸಿಲ್ ಬಂತು.

ಅಮ್ಮ ಅವತ್ತು ಏನು ಬೇಯಲು ಇಟ್ಟಿದ್ದಳೋ. ಇದ್ದಾಗಲೇ ಕೇಳಿಟ್ಟುಕೊಳ್ಳಬೇಕಿತ್ತು.