ಉಕ್ಕದ ಹಾಲು

ಸಾರಕ್ಕಿ, ೧೮-೫-೧೯೭೯

ಪ್ರೀತಿಯ ಅಕ್ಕ,

ಬೊಂಬಾಯಿ ಬಿಟ್ಟು ಬಂದವರು ನಿನ್ನೆ ಇಲ್ಲಿ ಬಾಡಿಗೆ ಮನೆ ಹೊಕ್ಕೆವು. ಹಾಲು ಉಕ್ಕಿಸಲು ಸ್ಟವ್ ಹಚ್ಚಿದಾಗ ಮನೆಯೊಡತಿ ಮಾರಮ್ಮ, "ಅಲ್ಲಿ ಗಲಾಟೆ ಅಂತ ಬಂದ್ರಾ, ಬೆಲೆ ತಡೀಲಾರ್ದೆ ಬಂದ್ರಾ?" ಎಂದು ಕೇಳಿದರು. ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು ರಾಜಕೀಯ ಶುರುಮಾಡಿದರು. ಅಷ್ಟರಲ್ಲಿ ಹಾಲು ಮೇಲೆದ್ದಿತು. ಬೊಂಬಾಯಿಯ ಹಾಲಿನ ಬೆಲೆ ಕಲಿಸಿದ ಕೈಯಲ್ಲವೇ, ಸೆರಗಿನಲ್ಲಿ ಹಿಡಿದು ಪಾತ್ರೆ ಇಳಿಸಿಯೇಬಿಟ್ಟೆ. ಒಂದು ತೊಟ್ಟೂ ಚೆಲ್ಲಲಿಲ್ಲ!

ಮಾರಮ್ಮ ಬಿದ್ದುಬಿದ್ದು ನಕ್ಕರು. "ಗೊತ್ತಾಯ್ತು ಬಿಡವ್ವ!" ಎಂದು ತಮ್ಮ ಹಸುವಿನ ಹಾಲು ತಂದು ಕಂಠದವರೆಗೆ ಸುರಿದರು. ಈ ಸಲ ಉಕ್ಕಿದ ರಭಸಕ್ಕೆ ಸ್ಟವ್ವೇ ಆರಿಹೋಯಿತು.

ಮಗುವಿನ ಕೆಮ್ಮು ಕಡಿಮೆಯಾಗಿದೆ. ಇವರ ರಾಜಕೀಯ ಇನ್ನೂ ಮುಗಿದಿಲ್ಲ, ಕಾರ್ಡೇ ಮುಗಿಯಿತು.

ನಿನ್ನ ವಾರಿಜಾ