ಗೋಡೆಗೆ ಮುಖ ಮಾಡಿದ ಬ್ಲೇಡು

ಗೆನ್ಸಾಕು,

ಇದನ್ನು ನಿನಗೆ ಕಳಿಸುವುದಿಲ್ಲ, ಓದಿದರೆ ಉಬ್ಬಿಹೋಗುತ್ತೀಯ. ಗರಗಸದ ಬ್ಲೇಡಿಗೆ ಹತ್ತಿದ ಮರದ ಅಂಟು ತೆಗೆಯುವುದರಲ್ಲಿ ಇಡೀ ಹಿದಾ ಸೀಮೆಯಲ್ಲೇ ನನ್ನನ್ನು ಮೀರಿಸಿದವರಿಲ್ಲ. ಇವತ್ತು ಪೇಟೆಯಿಂದ ಬಂದು, ಅಂಟು ಬಿಡಿಸಲು ಒಗೆಯುವ ಸೋಡಾ ಹಾಕಿದ ನೀರು ಕಾಯಿಸಿ ನೋಡಿದರೆ ಬ್ಲೇಡು ಆಗಲೇ ಫಳಫಳ ಹೊಳೆಯುತ್ತಿದೆ! ತುಕ್ಕು ಹಿಡಿಯದಂತೆ ಕಮೀಲಿಯಾ ಎಣ್ಣೆ ಸವರಿ, ಮಾಡಿದ ಕಮ್ಮಾರನ ಹೆಸರಿರುವ ಬದಿಯನ್ನು ಗೋಡೆಗೆ ತಿರುಗಿಸಿ ನೇತುಹಾಕಿದ್ದಾರೆ. ಹಾಗೆ ತಿರುಗಿಸುವವನು ನೀನೊಬ್ಬನೇ. ನಾವು ಜಗಳವಾಡಿ ಮಾತು ಬಿಟ್ಟದ್ದೂ ಅದಕ್ಕೇ.

ಹೆಂಡತಿಯನ್ನು ಕೇಳಿದೆ, "ಫುಕಿ, ಬಂದಿದ್ದು ಯಾರೇ?"

"ಯಾರೂ ಇಲ್ಲಾರೀ. ಬೆಕ್ಕು ಬಂದಿತ್ತು."

"ಬೆಕ್ಕು ಚಹಾ ಕುಡೀತಾ? ಲೋಟ ಎರಡಿದೆಯಲ್ಲ!"

"ಎಣ್ಣೇನೂ ಹಚ್ಚುತ್ತೆ ಬಿಡಿ, ನಿಮಗಿಂತ ಚೆನ್ನಾಗಿ."

ಇನ್ನೊಂದು ಬ್ಲೇಡನ್ನು ಅಂಟಿನ ಸಮೇತ ಹಾಗೇ ಬಿಟ್ಟಿದ್ದೇನೆ. ನಾಳೆಯೂ ಪೇಟೆಗೆ ಹೋಗುತ್ತೇನೆಂದು ಫುಕಿಗೆ ಗಟ್ಟಿಯಾಗಿ ಹೇಳಿದ್ದೇನೆ. ಅರ್ಧ ದಾರಿಯಿಂದಲೇ ವಾಪಸು ಬರುವವನಿದ್ದೇನೆ. ಲೋಟ ಮೂರು ತೊಳೆದಿಟ್ಟಿದ್ದೇನೆ.